ಒಳಗಿನಿಂದ ಬಡಿಯುವ ಬಾಗಿಲು

ಕುರಿ ಕಾಯುವವರ ಹಟ್ಟಿಯ ಹೆಣ್ಣುಮಗಳು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಹೊಸದುರ್ಗದಲ್ಲಿ ಹೈಸ್ಕೂಲು ಮುಗಿಸಿ ನಾನು ಚಿತ್ರದುರ್ಗದ ಕಾಲೇಜಿಗೆ ಹೊರಟ ದಿನ ಅವರು ಕುರಿರೊಪ್ಪದ ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದರು: "ಏನಪ್ಪ, ಮಗಳ್ನ ಓದಿಸ್ತೀಯಂತೆ. ಹಂಗೇ ಆ ಟಗರ್ನೂ ಕಳಿಸು, ಜೊತೆಗಿರ್ತೈತೆ. ಎರಡ್ರಾಗೆ ಯಾವ್ದು ಮೊದ್ಲು ಪಾಸಾಗ್ತೈತೋ ನೋಡಾಣ." ಸುತ್ತ ಇದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕ. ಆದರೆ ನನ್ನ ಟ್ರಂಕು ಹೊತ್ತುಕೊಂಡು ಬಸ್ಸಿನವರೆಗೆ ಬಂದ.

ಕೊನೆಗೆ ಆ ಡಿಗ್ರಿ ಕೈತಪ್ಪುವ ಹಾಗಾದದ್ದು ಒಂದು ದೆವ್ವದ ಸಿನಿಮಾದಿಂದ.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಹಾಸ್ಟೆಲಿನ ಹುಡುಗಿಯರಿಗೆ ಹೆದರಿಸುವ ಸಿನಿಮಾದ ಹುಚ್ಚು. ವಾರ್ಡನ್ ಭಾನುವಾರದ ಮ್ಯಾಟಿನಿಗೆ ಮಾತ್ರ ಬಿಡುತ್ತಿದ್ದರು. ಕನ್ನಡವೋ ತೆಲುಗೋ ಹಿಂದಿಯೋ, ಯಾವುದಾದರೂ ಸರಿ, ಹೆದರುವುದಕ್ಕೆ ಭಾಷೆ ಬೇಕಿರಲಿಲ್ಲ. ವಾಪಸು ಬಂದ ಮೇಲೆ ಯಾವುದು ಹೆಚ್ಚು ಭಯ ಎಂಬ ವಾದ. ಹೊಳಲ್ಕೆರೆಯ ಗೆಳತಿಗೆ ಗೆಜ್ಜೆಯ ಸದ್ದು. "ಕಾಲೇ ಕಾಣಲ್ಲ ಕಣೇ, ಗೆಜ್ಜೆ ಒಂದೇ ನಡ್ಕಂಡ್ ಬರ್ತೈತೆ!" ಇನ್ನೊಬ್ಬಳಿಗೆ ಬಿಳಿ ಸೀರೆ, ಬಿಚ್ಚಿದ ಕೂದಲು. ನನಗೆ ಇವು ಯಾವುವೂ ನಾಟುತ್ತಿರಲಿಲ್ಲ. ಕತ್ತಲು, ನರಿಯ ಕೂಗು, ಪೊದೆಯಲ್ಲಿ ಹೊಳೆಯುವ ಕಣ್ಣು ಎಲ್ಲ ಕುರಿಮಂದೆಯ ಜೊತೆ ಬೆಳೆದವಳಿಗೆ ದಿನನಿತ್ಯದ್ದು. ಮುಖಕ್ಕೆ ಸುಣ್ಣ ಬಳಿದುಕೊಂಡ ದೆವ್ವ ತೆರೆಯ ತುಂಬ ಬಂದು ಇಡೀ ಟಾಕೀಸು ಕಿರುಚಿದಾಗ ನಾನು ಕಡಲೆಕಾಯಿ ಸುಲಿಯುತ್ತಿರುತ್ತಿದ್ದೆ. "ನಿಂದು ಕಲ್ಲೆದೆ ಬಿಡು" ಎನ್ನುತ್ತಿದ್ದರು.

ಕಡೆಯ ವರ್ಷ ನೋಡಿದ ಒಂದು ಸಿನಿಮಾದಲ್ಲಿ ಕಡಲೆಕಾಯಿ ಕೈಯಲ್ಲೇ ಉಳಿಯಿತು. ಅದರಲ್ಲಿ ದೆವ್ವವನ್ನು ತೋರಿಸಿರಲೇ ಇಲ್ಲ. ಒಂದು ದೊಡ್ಡ ಮನೆ. ದೆವ್ವ ಮೆಟ್ಟಿದೆ ಎಂದು ಸೊಸೆಯನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಅವಳು ಒಳಗಿನಿಂದ ಬಾಗಿಲು ಬಡಿಯುತ್ತಾಳೆ. ಪಡಸಾಲೆಯಲ್ಲಿ ಮನೆಯವರೆಲ್ಲ ಊಟಕ್ಕೆ ಕುಳಿತಿದ್ದಾರೆ. ಬಡಿತ ಎಲ್ಲರಿಗೂ ಕೇಳುತ್ತದೆ. ಅತ್ತೆ ಸಾರು ಬಡಿಸುತ್ತಾಳೆ. ಯಾರೋ ಉಪ್ಪು ಕೇಳುತ್ತಾರೆ. ಬಡಿತ ನಿಧಾನವಾಗುತ್ತ ನಿಲ್ಲುತ್ತದೆ. ಅಷ್ಟು ಹೊತ್ತೂ ಸಂಗೀತವಿಲ್ಲ, ತಟ್ಟೆ ಲೋಟದ ಸದ್ದು ಮಾತ್ರ. "ಥೂ, ದೆವ್ವಾನೇ ಬರ್ಲಿಲ್ಲ" ಎಂದು ಗೆಳತಿಯರು ಬೈದುಕೊಂಡು ಎದ್ದರು. ನನಗೆ ಕಾಲು ಬರಲಿಲ್ಲ. ಯಾಕೆಂದು ಆಗ ತಿಳಿಯಲೂ ಇಲ್ಲ.

ಪರೀಕ್ಷೆಯ ಓದಿಗೆ ರಜೆ ಕೊಟ್ಟಾಗ ಊರಿಗೆ ಹೋದೆ. ಹಿರಿಯೂರು ಕಡೆಯ ಹಟ್ಟಿಗೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಆಗಷ್ಟೇ ಹೆತ್ತಿದ್ದಳು. ನಮ್ಮಲ್ಲಿ ಬಾಣಂತಿ ಹಟ್ಟಿಯ ಒಳಗೆ ಇರುವ ಹಾಗಿಲ್ಲ, ಮುಟ್ಟಾದವರೂ ಇಲ್ಲ. ದೇವರಿಗೆ ಆಗುವುದಿಲ್ಲವಂತೆ. ಅವರಿಗೆಂದು ಬೇಲಿಯಾಚೆ ಒಂದು ಗುಡಿಸಲು, ಮಂಡಿಯೂರಿ ನುಗ್ಗಬೇಕಾದಷ್ಟು ಗಿಡ್ಡ. ಬಾಗಿಲ ಬದಲು ಸೋಗೆಯ ತಟ್ಟಿ. ಸೂತಕ ಕಳೆಯುವವರೆಗೆ ತಾಯಿ, ಮಗು ಅಲ್ಲೇ. ಅನ್ನ ನೀರು ದೂರದಲ್ಲಿಟ್ಟು ಸರಿಯಬೇಕು. ಮುಟ್ಟಿದವರೂ ಅವರ ಜೊತೆ ಹೊರಗೇ ಕೂರಬೇಕು. ದೊಡ್ಡವಳಾದಂದಿನಿಂದ ನಾನೂ ಅಲ್ಲಿ ಕುಳಿತವಳೇ.

ಸಂಜೆ ಪುಸ್ತಕ ಮುಚ್ಚಿ, ಗುಡಿಸಲಿನಿಂದ ಸ್ವಲ್ಪ ದೂರದ ಬಂಡೆಯ ಮೇಲೆ ಕುಳಿತು ಅಕ್ಕನ ಜೊತೆ ಮಾತಾಡುತ್ತಿದ್ದೆ.

"ಯಾವ್ದಾರ ಸಿನಿಮಾ ಹೇಳೇ, ಬ್ಯಾಸರ" ಅಂದಳು ಒಂದು ದಿನ.

"ದೆವ್ವದ್ದು ಐತೆ. ಹೆದರ್ಕಂತೀಯ."

"ಇಲ್ಲಿ ಒಬ್ಳೇ ಬಿದ್ದಿರೋಳಿಗೆ ದೆವ್ವ ಬಂದ್ರೆ ಜೊತೆಯಾಗ್ತೈತೆ. ಹೇಳು."

ಹೇಳಿದೆ. ಅವಳು ದೆವ್ವದ ಮಾತೇ ಎತ್ತಲಿಲ್ಲ. "ಆಮ್ಯಾಲೆ ಬಾಗ್ಲು ತೆಗದ್ರೇನೇ?" ಅಂದಳು.

"ಇಲ್ಲ."

"ಯಾರೂ?"

"ಯಾರೂ ಇಲ್ಲ."

ಅಕ್ಕ ಮಗುವಿನ ಮೇಲೆ ಕಂಬಳಿ ಎಳೆದುಕೊಂಡಳು.

ಅದಾದ ಮೇಲೆ ಒಂದು ರಾತ್ರಿ ಗಾಳಿಮಳೆ ಬಂದು ತಟ್ಟಿ ಕಿತ್ತುಹೋಯಿತು. ಬೆಳಿಗ್ಗೆ ಅಕ್ಕ ಕೂಗಿದಳು: "ಅವ್ವಾ, ಮಗ ಹಾಲು ಕುಡೀತಿಲ್ಲ. ಮೈ ತಣ್ಣಗಾಗೈತೆ!" ಅವ್ವ ಬೇಲಿಯ ಈಚೆ ನಿಂತು "ಎದೀಗೆ ಒತ್ಕಳೇ, ಕೆಂಡದತ್ರ ಕುಂತ್ಕ" ಎನ್ನುತ್ತ ಅತ್ತಳು. ಬೇಲಿ ದಾಟಲಿಲ್ಲ. ನಾನು ಹೊರಟೆ. ಅವ್ವ ನನ್ನ ರಟ್ಟೆ ಹಿಡಿದ ಹಿಡಿತಕ್ಕೆ ಅಲ್ಲಾಡಲು ಆಗಲಿಲ್ಲ. ಆಸ್ಪತ್ರೆಗೆ ಒಯ್ಯಬಹುದೇ ಎಂದು ಪೂಜಾರಿಯನ್ನು ಕೇಳಿ ಬರಲು ದೊಡ್ಡಪ್ಪ ಹೋದರು. ನಮ್ಮ ಬೆನ್ನ ಹಿಂದಿನ ಮನೆಯಲ್ಲಿ ದೊಡ್ಡಮ್ಮ ಮುದ್ದೆ ತೊಳಸುತ್ತಿದ್ದಳು, ಕೋಲಿನ ಸದ್ದು ಕೇಳುತ್ತಿತ್ತು. ಅಕ್ಕನ ಕೂಗು ನಿಧಾನವಾಗುತ್ತ ನಿಂತಿತು. ದೊಡ್ಡಪ್ಪ ಬರುವಷ್ಟರಲ್ಲಿ ಮಗು ಹೋಗಿತ್ತು.

ಟಾಕೀಸಿನಲ್ಲಿ ನನಗೆ ಕಾಲು ಬಾರದೆ ಹೋದದ್ದು ಯಾಕೆಂದು ಆಗ ತಿಳಿಯಿತು. ತೆರೆಯ ಮೇಲಿನ ಆ ಪಡಸಾಲೆ ನಾನು ಹುಟ್ಟಿದ ಜಾಗ. ಆಮೇಲೆ ಎಷ್ಟೋ ಹೆದರಿಸುವ ಸಿನಿಮಾ ನೋಡಿದ್ದೇನೆ, ರಕ್ತ ಸುರಿಸಿದ್ದು, ಹೆಣ ಎಬ್ಬಿಸಿದ್ದು. ದೆವ್ವ ಬಂದ ಕೂಡಲೇ ನನ್ನ ಭಯ ಹೋಗುತ್ತದೆ. ಎಲ್ಲರಿಗೂ ಕೇಳಿಸಿ ಯಾರೂ ಏಳದೆ ಇರುವ ಕಡೆ ಮಾತ್ರ ಇವತ್ತಿಗೂ ಕೈ ತಣ್ಣಗಾಗುತ್ತದೆ.

ಸೂತಕ ಕಳೆದು ಅಕ್ಕ ಮನೆಯೊಳಗೆ ಬಂದ ದಿನ ಹಿರಿಯರು ನಮ್ಮ ಜಗಲಿಯ ಮೇಲೆ ಸೇರಿದರು. ಪರೀಕ್ಷೆ ಆ ವಾರವೇ ಇತ್ತು.

"ಬಾಣಂತಿ ಮುಂದೆ ದೆವ್ವದ ಕಥೆ ಹೇಳ್ಯಾಳೆ" ಎಂದರು ದೊಡ್ಡಪ್ಪ. "ದುರ್ಗದ ಟಾಕೀಸಿಂದ ಗಾಳಿ ಹೊತ್ಕಂಡ್ ಬಂದು ಮಗೀಗೆ ಸೋಕ್ಸ್ಯಾಳೆ. ಕಾಲೇಜು ಸಾಕು. ಕುರಿ ಹಿಂದೆ ಹೋಗ್ಲಿ."

ಹೌದೆಂದು ತಲೆಗಳು ಆಡಿದವು. ಅಪ್ಪ ನೆಲ ನೋಡುತ್ತಿದ್ದ. ಹಿರಿಯರ ಮುಂದೆ ಹೆಂಗಸರು ಮಾತಾಡುವ ರೂಢಿಯೇ ಇರಲಿಲ್ಲ. ಅಕ್ಕ ಬಾಗಿಲಿಗೆ ಬಂದು ನಿಂತಳು.

"ಇವ್ಳು ಕಥೆ ಹೇಳಾಕಾದ್ರೂ ಬಂದು ಕುಂತಿದ್ಲು. ನೀವ್ ಯಾರು ಬಂದಿದ್ರಿ ದೊಡ್ಡಪ್ಪ? ನಿಜವಾಗ್ಲೂ ದೆವ್ವ ಬಂದಿದ್ರೆ ನನ್ ಮಗೀನ ಎತ್ಕಳ್ಳಾಕೆ ಒಂದ್ ಕೈನಾರ ಇರ್ತಿತ್ತು."

"ಸಂಕಟದಾಗೆ ಏನೋ ಅಂತೈತೆ ಹುಡುಗಿ" ಎಂದು ದೊಡ್ಡಪ್ಪ ಟವೆಲ್ಲು ಕೊಡವಿ ಎದ್ದರು. ಮರುದಿನ ಅಪ್ಪ ಯಾರನ್ನೂ ಕೇಳದೆ ಟ್ರಂಕು ಹೆಗಲಿಗೇರಿಸಿದ. ನಾನು ಬಸ್ಸು ಹತ್ತುವಾಗ ಅಂದ: "ಇನ್ ಮ್ಯಾಲೆ ಸಿನಿಮಾ ನೋಡಿದ್ರೆ ಹಟ್ಟ್ಯಾಗೆ ಹೇಳ್ಬ್ಯಾಡ ಕಣವ್ವ."

ಪಾಸಾದೆ. ಸರ್ಟಿಫಿಕೇಟು ಕೈಗೆ ಬಂದ ದಿನ ಊರಿನ ಬಸ್ಸು ಬಿಟ್ಟು ಹಿರಿಯೂರಿನ ಬಸ್ಸು ಹತ್ತಿದೆ. ಅಕ್ಕ ಗಂಡನ ಹಟ್ಟಿಯಲ್ಲೂ ಬೇಲಿಯಾಚೆ ಸಿಕ್ಕಳು, ತಿಂಗಳ ದಿನಗಳು. ನನ್ನನ್ನು ಕಂಡು "ಅಲ್ಲೇ ನಿಲ್ಲೇ" ಎಂದಳು. ನಿಲ್ಲಲಿಲ್ಲ. ಹೋಗಿ ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಸೆರಗಿಗೆ ಒಂದೊಂದೇ ಕೈ ಒರೆಸಿಕೊಂಡು ಹಿಡಿದಳು. "ನಿನ್ನ ಹೆಸ್ರು ಎಲ್ಲೈತೆ?" ತೋರಿಸಿದೆ. ಓದಲು ಬಾರದ ಅವಳು ಅದರ ಮೇಲೆ ಬೆರಳಿಟ್ಟುಕೊಂಡೇ ಇದ್ದಳು.

ಆಮೇಲೆ ನನ್ನ ಕಡೆ ನೋಡಿದಳು. "ಮುಟ್ಟಿದ್ಯಲ್ಲೇ! ಇನ್ನು ನೀನೂ ಇಲ್ಲೇ ಬಿದ್ದಿರ್ಬೇಕು. ಕುಂತ್ಕ. ಆ ಸಿನಿಮಾ ಇನ್ನೊಂದ್ಸರಿ ಹೇಳು. ಈ ಸರಿ ಯಾರಾರ ಎದ್ದು ಬಾಗ್ಲು ತೆಗೀಲಿ."