ಬೇಳೆ ಮಿಲ್ಲಿನ ಮಾಲಕಿ
ಪಾಮನಕಲ್ಲೂರಿನ ಜನ ಮನೆಗೊಂದು ಪಾಲು ಹಾಕಿ ಕಟ್ಟಿದ ಬೇಳೆ ಮಿಲ್ಲಿಗೆ ಮುನ್ನೂರು ಮಾಲಕರು, ಆದರೆ ಅಮರಮ್ಮನನ್ನು ನೋಡಿದರೆ ಉಳಿದವರೆಲ್ಲ ಹೆಸರಿಗಷ್ಟೇ ಇದ್ದಾರೆ ಅನ್ನಿಸುತ್ತದೆ. ಆಕೆಯದೂ ಒಂದೇ ಪಾಲು. ಬಾಗಿಲು ತೆಗೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿರುತ್ತಾಳೆ, ಹಗಲು ಉರಿಯುವ ಬಲ್ಬು ಕಂಡರೆ ಬೈದು ಆರಿಸುತ್ತಾಳೆ. ಲಿಂಗಸುಗೂರಿನ ಮದುವೆಯಲ್ಲಿ ಉಣ್ಣುವಾಗಲೂ, "ಇದು ನಮ್ಮ ಮಿಲ್ಲಿನ ಬ್ಯಾಳಿ ಅಲ್ಲ, ಬೆಂದೇ ಇಲ್ಲ," ಎಂದು ಬೀಗರ ಮುಖಕ್ಕೇ ಹೇಳುತ್ತಾಳೆ. ಸಿಂಧನೂರಿನ ಸಾಹುಕಾರನೊಬ್ಬ ಮಿಲ್ಲು ಕೊಳ್ಳಲು ಬಂದಾಗ, "ಮುನ್ನೂರು ಮನಿ ಬಾಗ್ಲಾ ಬಡದು ಕೇಳ್ರಿ, ನಮ್ಮ ಮನಿಯಿಂದ ಸುರು ಮಾಡ್ರಿ," ಎಂದು ಕರೆದೊಯ್ದಳು. ಆತ ಎರಡನೆಯ ಮನೆಗೆ ಹೋಗಲೇ ಇಲ್ಲ. ಇಂಥ ಅಮರಮ್ಮ ಗಂಡ ತೀರಿದ ಮೇಲೆ ಯಾವ ಶುಭಕಾರ್ಯಕ್ಕೂ ಮುಂದೆ ನಿಂತವಳಲ್ಲ. ಹೊಲಕ್ಕೆ ಹೊರಟವರು ಎದುರಾದರೆ ತಾನೇ ಗೋಡೆಗೆ ಸರಿಯುತ್ತಾಳೆ. ಹೊಸ ತೊಗರಿ ಬಂದ ದಿನ ಮಿಲ್ಲಿನ ಗುಂಡಿಯನ್ನು ಪಾಲುದಾರರು ಪಾಳಿಯ ಪ್ರಕಾರ ಒತ್ತುತ್ತಾರೆ, ಈ ವರ್ಷದ ಪಾಳಿ ಆಕೆಯದು. "ನನ್ನ ಕೈ ಬ್ಯಾಡಪ್ಪಾ, ಊರಿನ ವರ್ಷದ ದುಡಿಮಿ ಐತಿ, ಮುತ್ತೈದೇರ್ನ ಕರಿ," ಎಂದು ಹಿಂದೆ ಸರಿದಳು. ಮಿಲ್ಲು ನಡೆಸುವ ಆದೆಪ್ಪ, "ಗಂಡ ಇದ್ದಾಕಿ, ಇಲ್ದಾಕಿ ಅಂತ ಪಾಲಿನ ಪತ್ರದಾಗ ಎಲ್ಲಿ ಬರದೈತಿ ಯವ್ವಾ? ನೀ ಒತ್ತೋ ಮಟ ಕುಂದರ್ತೀವಿ," ಎಂದ. ತೊಗರಿ ತಂದವರೆಲ್ಲ ಚೀಲ ಇಳಿಸಿ ಕೂತೇಬಿಟ್ಟರು. ಅಮರಮ್ಮ ಸೆರಗಿಗೆ ಕೈ ಒರೆಸಿಕೊಂಡು ಗುಂಡಿ ಒತ್ತಿದಳು. ಮಿಲ್ಲು ಗುಡುಗಿತು, ಹಳದಿ ಬೇಳೆ ಸುರಿಯತೊಡಗಿತು, ಮುತ್ತೈದೆಯರು ಒಬ್ಬೊಬ್ಬರಾಗಿ ಎದ್ದು ಬಂದು ಸೆರಗು ಹಿಡಿದು, ಆಕೆಯ ಕೈಯಿಂದಲೇ ಉಡಿ ತುಂಬಿಸಿಕೊಂಡರು.