ಎಂಟು ಕಂಪ್ಯೂಟರುಗಳ ಮೇಡಂ
ರಾಣೆಬೆನ್ನೂರಿನ ಕಾಲೇಜಿನ ಸುಧಾರಾಣಿ ಮೇಡಂ ಎಂಟು ಹಳೆಯ ಕಂಪ್ಯೂಟರುಗಳನ್ನು ಜೋಡಿಸಿ, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನೊಳಗೆ ತಂಪು ಹೇಗೆ ಹರಡುತ್ತದೆಂಬ ಒಂದೇ ದೊಡ್ಡ ಲೆಕ್ಕವನ್ನು, ಕೋಣೆಯ ಒಂದೊಂದು ಭಾಗ ಒಂದೊಂದಕ್ಕೆ ಎಂಬಂತೆ, ಎಂಟಕ್ಕೂ ಹಂಚಿದ್ದರು. ಒಂದು ಕಂಪ್ಯೂಟರು ಇನ್ನೊಂದರ ಉತ್ತರಕ್ಕಾಗಿ ಅರೆಗಳಿಗೆ ಸುಮ್ಮನೆ ಕಾದರೂ ಅವರಿಗೆ ಸಂಕಟ. "ಒಂದೊಂದ ಅಂಕಿ ಯಾಕ ಕಳಸ್ತೀರಿ? ಅಂಚಿನ ಸಾಲು ಪೂರಾ ಒಮ್ಮೆ ಕಳಸ್ರಿ. ಅದು ಮುಟ್ಟೂತನಕ ನಡುವಿನ ಲೆಕ್ಕಾ ಮುಗಿಸ್ರಿ!" ಎಂದು ಪ್ರೋಗ್ರಾಮ್ ಬರೆಯುವ ವಿದ್ಯಾರ್ಥಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವರು. ಹೀಗೆಯೇ ಒಂಬತ್ತು ತಾಸಿನ ಲೆಕ್ಕವನ್ನು ಎರಡು ತಾಸಿಗೆ ಇಳಿಸಿದ್ದರು. ಕಾಯಿನ್ ಫೋನಿನಲ್ಲಿ ಮನೆಗೆ ಮಾತಾಡುವಾಗಲೂ ಹೇಳುವುದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಒಂದೇ ಉಸಿರಿಗೆ ಮುಗಿಸುವರು. ಅವರ ವಿದ್ಯಾರ್ಥಿನಿ ಜಾಹೀದಾಳಿಗೆ ಮೇಡಂ ಎಂದರೆ ಭಕ್ತಿಯಷ್ಟೇ ಭಯ, ಏಕೆಂದರೆ ಅವಳಿಗೆ ಮಾತು ತೊದಲುತ್ತಿತ್ತು. ಕೊನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಮೊದಲ ಶಬ್ದಕ್ಕೇ ಅವಳ ನಾಲಿಗೆ ಸಿಕ್ಕಿಕೊಂಡಾಗ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಮಾತನ್ನು ತಾವೇ ಪೂರೈಸಲು ಹೋದರು. ಮೇಡಂ ಕೈ ಅಡ್ಡ ಹಿಡಿದರು. "ತಡೀರಿ ಸರ್, ಆಕಿ ಹೇಳ್ತಾಳ." ಆಮೇಲೆ ಕೈಕಟ್ಟಿ ಕುಳಿತರು, ಗಡಿಯಾರದ ಕಡೆ ನೋಡಲೇ ಇಲ್ಲ. ಐದು ನಿಮಿಷದ ಉತ್ತರವನ್ನು ಜಾಹೀದಾ ಇಪ್ಪತ್ತು ನಿಮಿಷ ಹೇಳಿದಳು, ಒಂದು ಶಬ್ದವನ್ನೂ ಬಿಡದೆ.