ಸಾವಿನ ಮನೆಗಳಲ್ಲಿ ಒಂದು ಪಿಎಚ್‌.ಡಿ.

ಬೆಳಗಿನ ಆರೂವರೆ. ನಿಂಬರ್ಗಾದ ಹೊರಗಿನ ತೊಗರಿ ಹೊಲದಲ್ಲಿ ಹನ್ನೊಂದು ಹೆಂಗಸರು ಕಳೆ ತೆಗೆಯುತ್ತಿದ್ದಾರೆ. ಮೂರನೇ ಸಾಲಿನಲ್ಲಿ ಕುರ್ಪಿ ಹಿಡಿದು ಕುಳಿತ ಪಂಚಶೀಲಾ ಅವರ ಫೋನು ಬಡಿದುಕೊಳ್ಳುತ್ತದೆ. ಎರಡು ಮಾತು ಕೇಳಿ ಅವರು ಮಣ್ಣು ಕೊಡವಿಕೊಂಡು ಏಳುತ್ತಾರೆ. ಹಿರೋಳ್ಳಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಿದ್ದಾಳೆ. ಪಕ್ಕದ ಸಾಲಿನ ಭುವನೇಶ್ವರಿ ತಲೆ ಎತ್ತದೆ ಕೇಳುತ್ತಾರೆ: "ಇವತ್ತ ಯಾರ ಮನ್ಯಾಗ ಬೇ?"

ಮೂವತ್ತೆರಡರ ಪಂಚಶೀಲಾ ಜಾನಪದದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾರೆ. ಆಳಂದ, ಅಫಜಲಪುರ, ಜೇವರ್ಗಿಯ ಹೆಂಗಸರು ಹೆಣದ ಮುಂದೆ ಕುಳಿತು ಹಾಡಿ ಅಳುವ ಹಾಡುಗಳು ಅವರ ವಿಷಯ. ಶಿಷ್ಯವೇತನ ನಿಂತು ಮೂರು ವರ್ಷವಾಯಿತು. ವಾರಕ್ಕೆ ನಾಲ್ಕು ದಿನ ಕೂಲಿ, ಮೂರು ದಿನ ಬರವಣಿಗೆ. ಸಾವಿನ ಸುದ್ದಿ ಬಂದರೆ ಎರಡೂ ಇಲ್ಲ. ಇದುವರೆಗೆ ನೂರಾ ಹದಿನೆಂಟು ಮನೆ, ಎಪ್ಪತ್ತನಾಲ್ಕು ಹಾಡು.

ಹೆಣವಿಲ್ಲದೆ ಈ ಹಾಡು ಹಾಡಿದರೆ ಸಾವನ್ನು ಮನೆಗೆ ಕರೆದಂತೆ ಎಂದು ಇಲ್ಲಿಯವರು ನಂಬುತ್ತಾರೆ. ಹಾಗಾಗಿ ಬೇಕೆಂದಾಗ ಯಾರೂ ಹಾಡುವುದಿಲ್ಲ. ಪಂಚಶೀಲಾ ಹೋಗಿ ಹೆಂಗಸರ ನಡುವೆ ಕೂರುತ್ತಾರೆ. ಮನೆಯ ಹಿರಿಯಳು ಒಪ್ಪಿದರೆ ಮಾತ್ರ ಹಾಡು ಮುದ್ರಿಸಲು ಫೋನು ಹೊರಗೆ ಬರುತ್ತದೆ.

"ಗೆಳತಿ ಲಗ್ನಕ್ಕ ಹೋದ್ರ ಆಕಿ ಅತ್ತಿ ಬಾಗಲದಾಗ ನಿಂತು, ನಮ್ಮಲ್ಲಿ ಎಲ್ಲಾರೂ ಗಟ್ಟಿ ಅದಾರಲ್ಲ, ನೀ ಯಾಕ ಬಂದಿ ಅಂದ್ಳರಿ" ಎಂದು ನಗುತ್ತಾರೆ.

ನಾಲ್ಕು ಅಧ್ಯಾಯ ಮುಗಿದಿವೆ. ಐದನೆಯದು ಒಂದೇ ಒಂದು ದೊಡ್ಡ ಹಾಡಿನದು. ಅದು ಪೂರ್ತಿ ಬರುವುದು ಮಟಕಿ ಊರಿನ ಗೌರಾಬಾಯಿಗೆ ಮಾತ್ರ. ಏಳು ವರ್ಷದ ಹಿಂದೆ ಪಂಚಶೀಲಾರ ತಾಯಿ ತೀರಿದಾಗ ಆಕೆಯೇ ಬಂದು ಹಾಡಿದ್ದಳು. "ಒಲಿ ಮ್ಯಾಲಿನ ಎಸರು ಬಿಟ್ಟು ಎಲ್ಲಿಗಿ ಹೊಂಟ್ಯವ್ವಾ" ಎಂಬ ಮೊದಲ ಸಾಲಷ್ಟೇ ಮಗಳಿಗೆ ನೆನಪಿದೆ.

"ಆವತ್ತ ನಾ ಮಗಳಾಗಿ ಕುಂತಿದ್ದೆ. ಫೋನ್ ಎಲ್ಲಿತ್ತೋ ಗೊತ್ತಿಲ್ರಿ."

ಎಂಬತ್ತು ದಾಟಿದ ಗೌರಾಬಾಯಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹೊಸ್ತಿಲು ದಾಟಿಲ್ಲ. ಡಿಸೆಂಬರಿಗೆ ಪ್ರಬಂಧ ಸಲ್ಲಿಸಬೇಕು. ಧ್ವನಿಮುದ್ರಣ ಇಲ್ಲದೆ ಆ ಹಾಡು ಸೇರಿಸುವಂತಿಲ್ಲ, ಆ ಅಧ್ಯಾಯ ಇಲ್ಲದಿದ್ದರೆ ಪ್ರಬಂಧ ವಾಪಸು ಬಂದೀತು ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಹೋದ ತಿಂಗಳು ಪಂಚಶೀಲಾ ನಾಲ್ಕನೇ ಸಲ ಕೇಳಲು ಹೋದರು. ಮುದುಕಿ ಹಾಸಿಗೆಯಲ್ಲೇ ಒರಗಿ ಮಗ, ಸೊಸೆ ಇಬ್ಬರನ್ನೂ ಬೆರಳು ಮಾಡಿ ತೋರಿಸಿದಳು.

"ನನಗ ಹೊರಗ ಹೋಗಾಕ ಬರಂಗಿಲ್ಲ. ಹಾಡ್ಬೇಕಂದ್ರ ಈ ಮನ್ಯಾಗ ಯಾರರೆ ಸಾಯ್ಬೇಕು. ಯಾರ್ನ ಕಳಸ್ಲಿ, ನೀನ ಹೇಳಬೇ."

ಕಟ್ಟೆಯ ಮೇಲಿದ್ದ ಮಗ ಕಲ್ಲಿನಾಥ, ತನಗೆ ನಿನ್ನೆಯಿಂದ ಕೆಮ್ಮಿದೆ, ಪಂಚಶೀಲಾ ತಂಗಿ ಅದಕ್ಕೇ ಬಂದಿರಬೇಕು ಎಂದ. ಎಲ್ಲರೂ ನಕ್ಕರು. ಚಹಾ ಕುಡಿದು ಪಂಚಶೀಲಾ ವಾಪಸು ಬಂದರು.

ಅವರು ಮತ್ತೆ ಕೇಳಲು ಹೋಗುವುದಿಲ್ಲ. ಐದನೇ ಅಧ್ಯಾಯವನ್ನು ಎರಡು ಪುಟದಲ್ಲಿ ಮುಗಿಸಿದ್ದಾರೆ: ಹಾಡು ಯಾರದು, ಅದನ್ನು ಯಾವಾಗ ಹಾಡುತ್ತಾರೆ, ಇಲ್ಲಿ ಯಾಕಿಲ್ಲ. ಮಾರ್ಗದರ್ಶಕರ ಉತ್ತರ ಇನ್ನೂ ಬಂದಿಲ್ಲ.

ಹಿರೋಳ್ಳಿ ಬಸ್ಸು ಕಾಣುತ್ತದೆ. ಪಂಚಶೀಲಾ ಕುರ್ಪಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಡಿಗ್ರಿ ಬಂದ್ರ ಛಲೋನ. ಆದ್ರ ಕಲ್ಲಿನಾಥಣ್ಣ ಗಟ್ಟಿ ಇರ್ಲಿ. ಆ ಹಾಡು ನನಗ ಸಿಗೂದು ಬ್ಯಾಡ್ರಿ."